ಇನ್ನೂ ಮುಗಿದಿಲ್ವಾ ಅದು?

“ಆ ಒನ್ ಪೀಸ್‌ನಲ್ಲಿ ಅಂಥದ್ದೇನಿದೆ?” ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದ್ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದರ ಲಿಂಕ್ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಗೊತ್ತಿಲ್ಲದವರಿಗೆ: ಇದು ಜಪಾನಿನ ಮಾಂಗಾ, ಅಂದರೆ ಚಿತ್ರಕಥೆ. ಬರೆದು ಚಿತ್ರ ಬಿಡಿಸುವವರು ಐಚಿರೋ ಓಡಾ. 1997ರ ಜುಲೈನಲ್ಲಿ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಶುರುವಾಯಿತು. ರಬ್ಬರಿನ ಹಾಗೆ ಮೈ ಹಿಗ್ಗಿಸಬಲ್ಲ ಲೂಫಿ ಅನ್ನೋ ಹುಡುಗ ‘ಒನ್ ಪೀಸ್’ ಅನ್ನೋ ನಿಧಿ ಹುಡುಕಿ ಕಡಲ್ಗಳ್ಳರ ರಾಜ ಆಗ್ತೀನಿ ಅಂತ ಹೊರಡುತ್ತಾನೆ. ಐದು ವರ್ಷದಲ್ಲಿ ಮುಗಿಸುವುದು ಓಡಾ ಅವರ ಮೊದಲ ಅಂದಾಜು. ನೂರನೇ ಸಂಪುಟ ಬಂದಿದ್ದು 2021ರಲ್ಲಿ. ಮನೆ ಕಟ್ಟಿಸಿದವರಿಗೆ ಇಂಥ ಅಂದಾಜಿನ ಬಗ್ಗೆ ನಾನೇನೂ ಹೇಳಬೇಕಿಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ನನಗೆ ಉರಿಯುತ್ತದೆ. ಆಫೀಸಿನಲ್ಲಿ ಒಬ್ಬರು “ಯಾವ ಎಪಿಸೋಡಿಂದ ಚೆನ್ನಾಗಿದೆ ಹೇಳಿ, ಅಲ್ಲಿಂದ ನೋಡ್ತೀನಿ” ಅಂದರು. ಊಟಕ್ಕೆ ಕೂತವರು ಯಾವ ತುತ್ತಿನಿಂದ ಹೊಟ್ಟೆ ತುಂಬುತ್ತೆ ಅಂತ ಕೇಳ್ತಾರಾ? ಇನ್ನೊಬ್ಬರು “ಮಕ್ಕಳದ್ದಲ್ವಾ ಅದು?” ಅಂತ ನಕ್ಕರು. ಹೌದು, ಹುಡುಗರ ಪತ್ರಿಕೆಯಲ್ಲೇ ಬರೋದು. ನನಗೆ ಮೂವತ್ತೆಂಟು. ಏನೀಗ?

ಎಲ್ಲರಿಗಿಂತ ಮುಂದೆ ಹೋದವರು ನಮ್ಮ ಭಾವ.

ಸಂಕ್ರಾಂತಿ ಆಸುಪಾಸು, ದೊಡ್ಡಮ್ಮನ ಮನೆ. ನೆನೆಹಾಕಿದ ಅವರೆಕಾಳಿನ ಬೇಸಿನ್ ಮುಂದಿಟ್ಟುಕೊಂಡು ನಾನೂ ದೊಡ್ಡಮ್ಮನೂ ಹಿತುಕುತ್ತಾ ಕೂತಿದ್ದೆವು. ಪಕ್ಕದಲ್ಲಿ ನನ್ನ ಪುಸ್ತಕ ಬಿದ್ದಿತ್ತು. ಭಾವ ಅದನ್ನೆತ್ತಿ ಎಡಗಡೆಯಿಂದ ತೆರೆದರು. ಮಾಂಗಾ ಓದುವುದು ಬಲದಿಂದ ಎಡಕ್ಕೆ, ಹಾಗಾಗಿ ಅವರು ನೇರ ಕೊನೇ ಪುಟಕ್ಕೇ ಹೋದರು. “ಇನ್ನೂ ಮುಗಿದಿಲ್ವಾ ಇದು? ಏನಮ್ಮ ಇದೆ ಇದರಲ್ಲಿ? ಒಂದೇ ಲೈನಲ್ಲಿ ಹೇಳು ನೋಡೋಣ.”

ಒಂದೇ ಲೈನು! ಕ್ರಿಕೆಟ್ ಬಗ್ಗೆ ಕೇಳಿದರೆ ಈ ಮನುಷ್ಯ ಮುಕ್ಕಾಲು ಗಂಟೆ ಮಾತಾಡ್ತಾರೆ.

ನನಗೆ ಸಿಟ್ಟು ಬಂತು. ಭಾವನ ಕಡೆ ನೋಡದೆ ದೊಡ್ಡಮ್ಮನಿಗೆ ಹೇಳೋಕೆ ಶುರು ಮಾಡಿದೆ. ಕನ್ನಡದಲ್ಲಿ ಒನ್ ಪೀಸ್ ನಾನಂತೂ ಎಲ್ಲೂ ಕಂಡಿಲ್ಲ. ಆವತ್ತು ಆ ಬೇಸಿನ್ ಮುಂದೆ ಅರ್ಧ ಗಂಟೆ ಇತ್ತು.

ಒಂದು ತಿಮಿಂಗಿಲ ಇದೆ ದೊಡ್ಡಮ್ಮ, ಗುಡ್ಡದಷ್ಟು ದೊಡ್ಡದು. ಹೆಸರು ಲಬೂನ್. ಮರಿಯಾಗಿದ್ದಾಗ ಒಂದು ಹಡಗಿನವರ ಹಿಂದೆ ಹಿಂದೆ ಬಂದಿತ್ತು. ಮುಂದಿನ ದಾರಿ ಅಪಾಯ ಅಂತ ಅವರು ಅದನ್ನು ದೀಪಸ್ತಂಭದ ಮುದುಕನ ಹತ್ತಿರ ಬಿಟ್ಟು, ಎರಡು ಮೂರು ವರ್ಷದಲ್ಲಿ ಬರ್ತೀವಿ ಅಂತ ಹೇಳಿ ಹೋದರು. ಐವತ್ತು ವರ್ಷ ಆಯ್ತು. ಅದು ದಿನಾ ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತೆ.

“ಅವರು ಬರಲ್ಲ ಅಂತ ಅದಕ್ಕೆ ಯಾರೂ ಹೇಳಲಿಲ್ವೇನೇ?”

“ಮುದುಕ ಹೇಳಿದ. ಅದು ನಂಬಲಿಲ್ಲ.”

“ನಂಬಲ್ಲ ಬಿಡು” ಅಂದರು ದೊಡ್ಡಮ್ಮ, ಕಾಳು ಹಿತುಕುತ್ತಾ.

ಆಮೇಲೆ ಲೂಫಿ ಬರುತ್ತಾನೆ. ಸಮಾಧಾನ ಹೇಳುವುದಿಲ್ಲ. ತನ್ನ ಹಡಗಿನ ಕೂವೆಮರವನ್ನೇ ಕಿತ್ತು ತಿಮಿಂಗಿಲದ ತಲೆಯ ಗಾಯಕ್ಕೆ ಚುಚ್ಚುತ್ತಾನೆ. “ಗಾಯಕ್ಕಾ? ಮುಂಡೇದು!” ಅಂದರು ದೊಡ್ಡಮ್ಮ. ಇಬ್ಬರೂ ಹೊಡೆದಾಡುತ್ತಾರೆ. ಸಾಕಾದಾಗ ಇವನು ಜಗಳ ಸಮ ಅಂತ ಕೂಗುತ್ತಾನೆ. ಸಮ ಆದ ಜಗಳ ಮುಗಿದಿಲ್ಲ ಅಂತ ಲೆಕ್ಕ, ಹಾಗಾಗಿ ಸಮುದ್ರ ಸುತ್ತಿ ವಾಪಸ್ ಬರಲೇಬೇಕು. ಆಮೇಲೆ ತಿಮಿಂಗಿಲದ ಹಣೆ ಮೇಲೆ ತನ್ನ ಬಾವುಟದ ಗುರುತು ಬರೆಯುತ್ತಾನೆ, ತೀರಾ ಸೊಟ್ಟಗೆ. ನಾನು ಬರೋವರೆಗೂ ತಲೆ ಚಚ್ಚಿಕೊಂಡು ಇದನ್ನ ಅಳಿಸಬೇಡ ಅನ್ನುತ್ತಾನೆ.

ಇದು ಬಂದಿದ್ದು 1999ರಲ್ಲಿ. ನಾಲ್ಕೈದು ಅಧ್ಯಾಯ, ಅಷ್ಟೇ. ಕಥೆ ಮುಂದೆ ಹೋಯಿತು, ಓದುವವರೂ ಮುಂದೆ ಹೋದರು.

2007ರಲ್ಲಿ ಮಂಜು ಕವಿದ ಸಮುದ್ರದಲ್ಲಿ ಒಂದು ಮುರುಕು ಹಡಗು ಸಿಗುತ್ತದೆ. ಅದರಲ್ಲಿ ಒಂದು ಅಸ್ಥಿಪಂಜರ, ಹಾಡುತ್ತೆ, ಕೆಟ್ಟ ಜೋಕ್ ಹೊಡೆಯುತ್ತೆ. ಹೆಸರು ಬ್ರೂಕ್. ಬರೀ ಮೂಳೆ, ಆದರೆ ತಲೆ ಮೇಲೆ ಮಾತ್ರ ಗುಂಗುರು ಕೂದಲಿನ ದೊಡ್ಡ ಬುಟ್ಟಿ. ಜೊತೆಗಾರರೆಲ್ಲ ಸತ್ತು ಐವತ್ತು ವರ್ಷದಿಂದ ಒಂಟಿ. ಸತ್ತಮೇಲೂ ಬದುಕಿ ಏನು ಮಾಡ್ತಿದ್ದೀಯ ಅಂತ ಕೇಳಿದರೆ, ಒಂದು ತಿಮಿಂಗಿಲಕ್ಕೆ ಮಾತು ಕೊಟ್ಟಿದ್ದೀನಿ ಅನ್ನುತ್ತಾನೆ. ಕೂದಲು ಯಾಕೆ ಕತ್ತರಿಸಿಲ್ಲ? ಮುಖ ಹೋಗಿದೆ. ಕೂದಲೂ ಹೋದರೆ ಅದು ಗುರುತು ಹಿಡಿಯಲ್ಲ.

ದೊಡ್ಡಮ್ಮನ ಕೈ ನಿಂತಿತು. ಎರಡು ಬೆರಳ ನಡುವೆ ಅರ್ಧ ಸಿಪ್ಪೆ ಬಿಟ್ಟ ಕಾಳು ಹಾಗೇ ಇತ್ತು.

ಇದೇ ನನ್ನ ಉತ್ತರ ಭಾವ. ಎಂಟು ವರ್ಷ ಆದಮೇಲೂ ಓಡಾ ಆ ತಿಮಿಂಗಿಲವನ್ನು ಮರೆತಿರಲಿಲ್ಲ. ನಾನು ಮರೆತಿದ್ದೆ.

ಕುಂದಿಲ್ಲ ಅಂತ ಹೇಳುತ್ತಿಲ್ಲ. ಹೆಂಗಸರನ್ನೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಬಿಡಿಸ್ತಾರೆ, ಸೊಂಟ ಅನ್ನೋದು ಬಳೆಯಷ್ಟು. ಡ್ರೆಸ್‌ರೋಸಾ ಭಾಗದಲ್ಲಿ ಹೊಡೆದಾಟ ಮುಗಿಯೋದೇ ಇಲ್ಲ. ಅನಿಮೆ, ಅಂದರೆ ಇದರ ಕಾರ್ಟೂನ್ ಸರಣಿ, ಇನ್ನೂ ನಿಧಾನ, ಅದಕ್ಕೇ ನಾನು ಪುಸ್ತಕದವಳು. ಇವನ್ನು ಬೈಯೋ ಹಕ್ಕು ಓದಿದವರಿಗಿದೆ. ನಿಮಗಿಲ್ಲ.

ಓಡಾ ಸಂಪುಟಗಳಲ್ಲಿ ಓದುಗರ ಪ್ರಶ್ನೆಗೆ ಅಂತಲೇ ಒಂದಿಷ್ಟು ಪುಟ ಇಡುತ್ತಾರೆ. ಅಂಕಣ ಶುರು ಅಂತ ಅವರು ಹೇಳೋ ಮೊದಲೇ ಓದುಗರೇ ಪತ್ರದಲ್ಲಿ ‘ಶುರು!’ ಅಂತ ಬರೆದು ಕಳಿಸಿ ಅವರನ್ನು ರೇಗಿಸುತ್ತಾರೆ. ಈ ಪಾತ್ರಗಳೆಲ್ಲ ನಿಜವಾದ ಲೋಕದಲ್ಲಾದರೆ ಯಾವ ದೇಶದವರು ಅಂತ ಒಂದು ಪ್ರಶ್ನೆ. ಲೂಫಿ ಬ್ರೆಜಿಲ್, ಬ್ರೂಕ್ ಆಸ್ಟ್ರಿಯಾ ಅಂತ ಉತ್ತರ. ಪ್ರಶ್ನೆ ಅಂದರೆ ಹಾಗಿರಬೇಕು. ಕೇಳೋರು ಒಳಗೆ ಬಂದು ಕೂತು ಕೇಳಬೇಕು. ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಂಡೇ ಅಲ್ಲ.

ಭಾವ ಅಷ್ಟು ಕೇಳಿ “ಸರಿ, ಕೊನೆಗೆ ನಿಧಿ ಸಿಗುತ್ತಾ?” ಅಂದರು. ಕಾಫಿ ತರೋಕೆ ಎದ್ದು ಹೋದೆ.

ದೊಡ್ಡಮ್ಮ ಮಾತ್ರ ಈಗಲೂ ಫೋನ್ ಮಾಡುತ್ತಾರೆ. ಬಿಪಿ ಮಾತ್ರೆ, ಪಕ್ಕದ ಮನೆಯವರ ಕಾರು, ಸೊಸೆ ಮಾಡಿದ ಗೊಜ್ಜು, ಎಲ್ಲ ಮುಗಿದ ಮೇಲೆ ಇಡುವ ಮುಂಚೆ ಕೇಳುತ್ತಾರೆ.

“ಆ ಕೂದಲವನು ಹೋದ್ನೇನೇ, ಮೀನಿನ ಹತ್ರ?”

“ಇನ್ನೂ ಇಲ್ಲ ದೊಡ್ಡಮ್ಮ. ದಾರೀಲಿದ್ದಾನೆ.”

“ಹೋದ್ರೆ ಹೇಳು” ಅಂತ ಇಡುತ್ತಾರೆ.