ಮೊಲಕ್ಕೆ ಮೂರೇ ಕಾಲು ಎನ್ನುವವರ ನಡುವೆ ತೀರ್ಮಾನ

ಟೀಮ್ ಮೀಟಿಂಗುಗಳಿಗೆ ಎರಡು ಕಾಯಿಲೆ. ಒಂದು, ಲೀಡ್ ಬಾಯಿ ತೆರೆದ ಕೂಡಲೇ ಎಲ್ಲರೂ ತಲೆಯಾಡಿಸುವುದು. ಇನ್ನೊಂದು, ಇಬ್ಬರು ಹಿರಿಯರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಠಕ್ಕೆ ಬಿದ್ದು, ಉಳಿದವರು ಫೋನ್ ನೋಡುತ್ತಾ ಕೂರುವುದು. ಎರಡಕ್ಕೂ ಮದ್ದು ಒಂದೇ: ವಾದಕ್ಕೊಂದು ಕಟ್ಟುಪಾಡು ಹಾಕಿ, ಆಮೇಲೆ ಧಾರಾಳವಾಗಿ ವಾದಿಸಲು ಬಿಡಿ.

ಇದರ ಹೆಸರಾಂತ ಉದಾಹರಣೆ ಅಮೆರಿಕದ್ದು. 1961ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಂಬಲದಿಂದ ಕ್ಯೂಬಾದ ಮೇಲೆ ನಡೆದ ಬೇ ಆಫ್ ಪಿಗ್ಸ್ ದಾಳಿ ನೆಲಕಚ್ಚಿತು. ಅನುಮಾನವಿದ್ದವರಲ್ಲಿ ಹೆಚ್ಚಿನವರು ಅಧ್ಯಕ್ಷ ಕೆನಡಿಯ ಮುಂದೆ ಗಟ್ಟಿಯಾಗಿ ಹೇಳಿರಲಿಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಕ್ರಮವೇ ಬೇರೆಯಾಯಿತು. ಕೆಲವು ಸಭೆಗಳಿಂದ ಕೆನಡಿ ಬೇಕೆಂದೇ ದೂರ ಉಳಿದರು. ಸಲಹೆಗಾರರು ಎರಡು ಗುಂಪಾದರು: ಒಂದು ವಾಯುದಾಳಿಯ ಪರ, ಇನ್ನೊಂದು ನೌಕಾ ದಿಗ್ಬಂಧನದ ಪರ. ತಮ್ಮ ಯೋಜನೆಯನ್ನು ಬರೆದರು, ಹಾಳೆ ಅದಲುಬದಲು ಮಾಡಿಕೊಂಡರು, ತಪ್ಪು ಹುಡುಕಿದರು, ಮತ್ತೆ ತಿದ್ದಿ ಬರೆದರು. ಮೊದಮೊದಲು ವಾಯುದಾಳಿಯ ಕಡೆಗೇ ವಾಲಿದ್ದ ಸಭೆ ಕೊನೆಗೆ ದಿಗ್ಬಂಧನಕ್ಕೆ ಬಂತು. ಇಲ್ಲಿ ಗಮನಿಸಬೇಕಾದದ್ದು ಮಾತಲ್ಲ, ಹಾಳೆ ಕೈ ಬದಲಾದದ್ದು.

ನಮ್ಮ ಮಟ್ಟಕ್ಕೆ ಬರೋಣ. ಎಂಟು ಜನರ ಟೀಮು. 2017ರಲ್ಲಿ ಜಿಎಸ್‌ಟಿ ಬಂದಾಗ ತೇಪೆ ಹಚ್ಚಿದ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್. ಅದನ್ನೇ ರಿಪೇರಿ ಮಾಡುವುದೋ, ಹೊಸದಾಗಿ ಬರೆಯುವುದೋ?

ಮೊದಲು ಪ್ರಶ್ನೆ ಕಟ್ಟಬೇಕು. "ಬಿಲ್ಲಿಂಗ್ ಬಗ್ಗೆ ಏನ್ ಮಾಡೋಣ?" ಎನ್ನುವುದು ಗೊಣಗಾಟ. "ಮೂವರನ್ನು ಆರು ತಿಂಗಳು ಹೊಸ ಬಿಲ್ಲಿಂಗ್ ಬರೆಯಲು ಬಿಡಬೇಕೇ, ಇಲ್ಲವೇ ಇರುವುದನ್ನೇ ಇನ್ನೊಂದು ವರ್ಷ ರಿಪೇರಿ ಮಾಡಿಕೊಂಡು ಹೋಗಬೇಕೇ?" ಎನ್ನುವುದು ಪ್ರಶ್ನೆ. ಅದರ ಕೆಳಗೆ ಅಳೆಯುವ ಕೋಲುಗಳನ್ನೂ ಬರೆಯಿರಿ, ಮೂರು ಅಥವಾ ನಾಲ್ಕು ಸಾಕು: ಖರ್ಚು, ರಿಟರ್ನ್ ಸಲ್ಲಿಸುವ ವಾರದಲ್ಲಿ ಕೈಕೊಡುವ ಅಪಾಯ, ಕೋಡ್ ಗೊತ್ತಿರುವವರ ಸಂಖ್ಯೆ. ಪಕ್ಷ ಹಿಡಿದ ಮೇಲೆ ಕೋಲು ಹುಡುಕಿದರೆ ಪ್ರತಿಯೊಬ್ಬರೂ ತಮಗೆ ಬೇಕಾದ ಅಳತೆಯದ್ದನ್ನೇ ತರುತ್ತಾರೆ. ಕೊನೆಯ ಮಾತು ಯಾರದ್ದು ಎಂಬುದೂ ಆಗಲೇ ಗೊತ್ತಿರಲಿ.

ನಂತರ ಹತ್ತು ನಿಮಿಷ ಮೌನ. ತಮ್ಮ ಒಲವು ಯಾವ ಕಡೆ, ಮತ್ತು ಈ ವಿಷಯದಲ್ಲಿ ತಮಗೊಬ್ಬರಿಗೇ ಗೊತ್ತಿರುವುದು ಏನು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದ್ದು ಮುಖ್ಯ. ಎಲ್ಲರಿಗೂ ಗೊತ್ತಿರುವುದನ್ನೇ ಗುಂಪುಗಳು ಮತ್ತೆಮತ್ತೆ ಚರ್ಚಿಸುತ್ತವೆ, ಒಬ್ಬರ ಬಳಿ ಮಾತ್ರ ಇರುವ ಮಾಹಿತಿ ಮೇಜಿಗೆ ಬರುವುದೇ ಕಡಿಮೆ ಎಂದು ಮನಶ್ಶಾಸ್ತ್ರಜ್ಞರಾದ ಸ್ಟ್ಯಾಸರ್ ಮತ್ತು ಟೈಟಸ್ 1985ರಲ್ಲೇ ತೋರಿಸಿದ್ದರು. ಗ್ರಾಹಕರ ಫೋನ್ ಎತ್ತುವ ಹುಡುಗಿಗೆ ತಿಂಗಳ ಕೊನೆಯ ಮೂರು ದಿನ ಏನಾಗುತ್ತದೆಂದು ಗೊತ್ತು. ಆರ್ಕಿಟೆಕ್ಟ್‌ಗೆ ಗೊತ್ತಿಲ್ಲ. ಬರೆದದ್ದನ್ನು ಓದುವಾಗ ಕಿರಿಯರಿಂದ ಶುರುಮಾಡಿ, ಲೀಡ್ ಕೊನೆಗೆ.

ಈಗ ಪಕ್ಷಗಳು. ಮೂವರು ಮೂವರು ಆ ಕಡೆ ಈ ಕಡೆ, ಒಬ್ಬರು ನಡೆಸುವವರು, ತೀರ್ಮಾನ ಮಾಡಬೇಕಾದವರು ಯಾವ ಕಡೆಗೂ ಇಲ್ಲ. ನಿಜವಾಗಿ ನಂಬುವವರು ಒಬ್ಬರಾದರೂ ಪ್ರತಿ ಪಕ್ಷದಲ್ಲಿ ಇರಲೇಬೇಕು. "ಸುಮ್ನೆ ವಿರೋಧ ಮಾಡು ಮಾರಾಯ" ಎಂದು ಯಾರಿಗೋ ಪಾತ್ರ ಹಚ್ಚಿದರೆ ಆ ವಿರೋಧಕ್ಕೆ ಕಾವಿರುವುದಿಲ್ಲ. ನಟಿಸಿದ ಭಿನ್ನಮತಕ್ಕಿಂತ ನಿಜವಾದ ಭಿನ್ನಮತವೇ ಹೆಚ್ಚು ಯೋಚನೆ ಹುಟ್ಟಿಸುತ್ತದೆ ಎಂಬುದು ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಅವರ ಪ್ರಯೋಗಗಳು ತೋರಿಸಿದ ಸಂಗತಿ. ನಲವತ್ತು ನಿಮಿಷದಲ್ಲಿ ಪ್ರತಿ ಪಕ್ಷ ಒಂದು ಪುಟ ಬರೆಯಲಿ: ಹೆಚ್ಚೆಂದರೆ ಮೂರು ವಾದ, ಒಂದೊಂದಕ್ಕೂ ಆಧಾರ, ಆ ವಾದ ನಿಂತಿರುವ ಊಹೆ, ಮತ್ತು "ಏನು ಗೊತ್ತಾದರೆ ನಾವು ಮನಸ್ಸು ಬದಲಿಸುತ್ತೇವೆ" ಎಂಬ ಒಂದು ಸಾಲು. ಈ ಸಾಲು ಬರೆಯಲಾಗದವರು ಹಠದಲ್ಲಿದ್ದಾರೆ ಎಂದೇ ಲೆಕ್ಕ.

ಹಾಳೆ ಅದಲುಬದಲು, ಓದಲು ಹತ್ತು ನಿಮಿಷ. ಆಮೇಲಿನದ್ದೇ ಇಡೀ ಪದ್ಧತಿಯ ಜೀವ: ಪೂರ್ವಪಕ್ಷ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮತವನ್ನು ಮೊದಲು ಮಂಡಿಸಿ ನಂತರವೇ ಸಿದ್ಧಾಂತ ಹೇಳುವುದು ರೂಢಿ. ಇಲ್ಲೂ ಅಷ್ಟೇ. ಐದೈದು ನಿಮಿಷ ಒಂದು ಪಕ್ಷ ಇನ್ನೊಂದರ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು, ಎದುರಿನವರು "ಹೌದು, ನಾವು ಹೇಳಿದ್ದು ಇದೇ" ಎನ್ನಬೇಕು. ಅನ್ನದಿದ್ದರೆ ಮತ್ತೊಮ್ಮೆ. "ಹೊಸದು ಬರೆಯೋರಿಗೆ ಹೊಸ ಟೆಕ್ನಾಲಜಿ ಶೋಕಿ" ಎಂದರೆ ಅದು ಪೂರ್ವಪಕ್ಷವಲ್ಲ, ಕುಹಕ. "ಟ್ಯಾಕ್ಸ್ ಲೆಕ್ಕದ ಕೋಡ್ ಒಬ್ಬರಿಗೇ ಗೊತ್ತು, ಅವರು ಕೆಲಸ ಬಿಟ್ಟರೆ ಕಂಪನಿ ನಿಲ್ಲುತ್ತದೆ ಎಂಬುದು ಇವರ ಭಯ" ಎಂದರೆ ಪೂರ್ವಪಕ್ಷ. ಎಷ್ಟೋ ಜಗಳ ಇಲ್ಲೇ ಅರ್ಧಕ್ಕರ್ಧ ಕರಗುತ್ತದೆ, ಏಕೆಂದರೆ ಇಬ್ಬರೂ ಬೇರೆಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರೆಂದು ಆಗ ಗೊತ್ತಾಗುತ್ತದೆ.

ಖಂಡನೆಗೆ ಐದೈದು ನಿಮಿಷ, ಪ್ರಶ್ನೋತ್ತರಕ್ಕೆ ಹದಿನೈದು. ಗುರಿ ಊಹೆಗಳ ಮೇಲಿರಲಿ. "ಆರು ತಿಂಗಳಲ್ಲಿ ಮುಗಿಯುತ್ತದೆ" ಎಂಬುದು ಊಹೆ, ಅದರ ಮೇಲೆ ಎಷ್ಟು ಹೊತ್ತು ಕೂಗಾಡಿದರೂ ಅದು ನಿಜವೂ ಆಗದು, ಸುಳ್ಳೂ ಆಗದು. ಅತಿ ಕಷ್ಟದ ಒಂದು ಭಾಗವನ್ನು ಐದು ದಿನದಲ್ಲಿ ಬರೆದು ನೋಡಿ ಎಂದು ಪಕ್ಕಕ್ಕಿಡಿ. ಹಳೆಯ ತರ್ಕಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯಕ್ಕಾಗಿ ವಾದ, ಗೆಲುವಿಗಾಗಿ ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನದನ್ನು ಕೆಡವುವುದಷ್ಟೇ ವಿತಂಡ. ನಡೆಸುವವರಿಗೆ ಇವನ್ನು ಗುರುತಿಸುವ ಕಿವಿ ಬೇಕು. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಅರ್ಥಧಾರಿ ಮಾತು ಎಳೆದಾಡಿದರೆ ಹಾಡುವ ಭಾಗವತರು ಮುಂದಿನ ಪದ್ಯ ಎತ್ತುತ್ತಾರಲ್ಲ, ಹಾಗೆ ತಡೆಯುವ ಧೈರ್ಯವೂ ಬೇಕು.

ತಾಳಮದ್ದಲೆಯಿಂದ ಇನ್ನೊಂದು ಪಾಠ. ಇವತ್ತು ವಾಲಿಯಾಗಿ ರಾಮನನ್ನು ತರಾಟೆಗೆ ತೆಗೆದುಕೊಂಡ ಅರ್ಥಧಾರಿಯೇ ಇನ್ನೊಂದು ದಿನ ರಾಮನಾಗಿ ಉತ್ತರಿಸಬಲ್ಲರು. ಟೀಮಿನಲ್ಲೂ ಹತ್ತು ನಿಮಿಷ ಪಕ್ಷ ಬದಲಿಸಿ. ಕೊನೆಯ ಹತ್ತು ನಿಮಿಷದಲ್ಲಿ ಪಕ್ಷಗಳನ್ನೇ ವಿಸರ್ಜಿಸಿ, "ಒಂದು ವರ್ಷ ಕಳೆದಿದೆ, ನಮ್ಮ ತೀರ್ಮಾನ ಮಣ್ಣು ಮುಕ್ಕಿದೆ, ಏಕೆ?" ಎಂದು ಎಲ್ಲರೂ ಬರೆಯಲಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದನ್ನು ಪ್ರೀಮಾರ್ಟಮ್ ಎನ್ನುತ್ತಾರೆ. ಎಲ್ಲ ಸೇರಿ ಎರಡು ಗಂಟೆಗೆ ಐದು ನಿಮಿಷ ಕಡಿಮೆ.

ತಾಳಮದ್ದಲೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದಲ್ಲಿ ಸಾಯಲೇಬೇಕು. ಮ್ಯಾನೇಜರ್ ಮನಸ್ಸಿನಲ್ಲಿ ತೀರ್ಮಾನ ಮೊದಲೇ ಆಗಿದ್ದರೆ ಟೀಮಿನವರನ್ನು ವಾಲಿ ಮಾಡಬೇಡಿ, ನೇರವಾಗಿ ಹೇಳಿಬಿಡಿ. ಒಮ್ಮೆ ಕಾಟಾಚಾರದ ಚರ್ಚೆ ಕಂಡವರು ಎರಡನೇ ಸಲ ನಿಜ ಹೇಳುವುದಿಲ್ಲ.

ಕೆಡುವ ದಾರಿ ಬೇರೆಯೂ ಇವೆ. ಪ್ರತಿ ಸಲ ಒಬ್ಬರಿಗೇ ವಿರೋಧದ ಪಾತ್ರ ಕೊಟ್ಟರೆ ಅವರಿಗೆ ಕೊಂಕು ತೆಗೆಯುವವರು ಎಂಬ ಹಣೆಪಟ್ಟಿ ಅಂಟುತ್ತದೆ. ಇಂಗ್ಲಿಷಿನಲ್ಲೇ ವಾದಿಸಬೇಕೆಂದರೆ ಗೆಲ್ಲುವುದು ಇಂಗ್ಲಿಷ್, ವಾದವಲ್ಲ. ಕನ್ನಡದಲ್ಲಿ ಬರೆಯಲಿ, ಕನ್ನಡದಲ್ಲೇ ಮಾತಾಡಲಿ, ಗೊತ್ತಿಲ್ಲದವರಿಗೆ ಪಕ್ಕದವರು ಹೇಳಲಿ. ಎಲ್ಲಕ್ಕಿಂತ ಅಪಾಯಕಾರಿ "ಎರಡೂ ಸ್ವಲ್ಪ ಸ್ವಲ್ಪ ಮಾಡೋಣ" ಎಂಬ ರಾಜಿ. ಅದೇ ಮೂವರು ಬೆಳಿಗ್ಗೆ ಹಳೆಯದಕ್ಕೆ ತೇಪೆ ಹಚ್ಚಿ ಮಧ್ಯಾಹ್ನ ಹೊಸದು ಬರೆದರೆ ಹೊಸದು ಮುಗಿಯುವುದಿಲ್ಲ, ಹಳೆಯದು ನೆಟ್ಟಗಾಗುವುದಿಲ್ಲ. ರಾಜಿ ಬೇಕೆನ್ನುವವರು ಅದನ್ನೂ ಮೂರನೇ ಪಕ್ಷವಾಗಿ, ಆಧಾರ ಮತ್ತು ಊಹೆ ಸಮೇತ, ಒಂದು ಪುಟ ಬರೆಯಲಿ.

ಇದರಿಂದ ಎಲ್ಲರಿಗೂ ಖುಷಿಯಾಗುತ್ತದೆ ಎಂದುಕೊಳ್ಳಬೇಡಿ. 1986ರ ಒಂದು ಪ್ರಯೋಗದಲ್ಲಿ ಪಕ್ಷ ಕಟ್ಟಿ ವಾದಿಸಿದ ಗುಂಪುಗಳ ಸಲಹೆಗಳು ಒಮ್ಮತಕ್ಕೆ ಹೊರಟ ಗುಂಪುಗಳದ್ದಕ್ಕಿಂತ ಚೆನ್ನಾಗಿದ್ದವು. ಆದರೆ ಮತ್ತೆ ಜೊತೆಗೆ ಕೆಲಸ ಮಾಡುವ ಮನಸ್ಸು ಹೆಚ್ಚಿದ್ದದ್ದು ಒಮ್ಮತದವರಲ್ಲೇ. ಹಾಗಾಗಿ ಮುಂದಿನ ಸಲ ಪಕ್ಷಗಳನ್ನು ಕಲಸಿ. ನಾಳೆ ಹಿಂದಕ್ಕೆ ತೆಗೆದುಕೊಳ್ಳಬಹುದಾದ ಸಣ್ಣ ತೀರ್ಮಾನಗಳಿಗೆ ಇದನ್ನು ಬಳಸಲೇಬೇಡಿ. ಒಬ್ಬ ವ್ಯಕ್ತಿಯ ಬಡ್ತಿ, ಸಂಬಳದಂಥ ವಿಷಯಕ್ಕಂತೂ ಖಂಡಿತ ಬೇಡ.

ತೀರ್ಮಾನವನ್ನು ಅರ್ಧ ಪುಟದಲ್ಲಿ ಬರೆದಿಡಿ: ಏನು, ಏಕೆ, ಸೋತ ಪಕ್ಷದ ಅತಿ ಗಟ್ಟಿ ಆಕ್ಷೇಪ ಅವರದ್ದೇ ಮಾತಿನಲ್ಲಿ, ಮತ್ತು ಒಂದು ತಾರೀಕು. ಉದಾಹರಣೆಗೆ, "ಆರನೇ ವಾರದೊಳಗೆ ಹಳೇ ಬಿಲ್ಲುಗಳ ಮೊತ್ತ ಹೊಸದರಲ್ಲಿ ಪೈಸೆಗೆ ಪೈಸೆ ಹೊಂದದಿದ್ದರೆ ಕೆಲಸ ನಿಲ್ಲಿಸುವುದು." ಆ ಲೆಕ್ಕ ತಾಳೆ ನೋಡುವ ಕೆಲಸವನ್ನು ಸೋತ ಪಕ್ಷದವರಿಗೇ ಕೊಡಿ.