1.86

ಡಿಸೆಂಬರ್, ಅರೇಬಿಕಾ ಕಾಫಿ ಕೊಯ್ಲು ಜೋರಾಗಿತ್ತು. ಮೂಡಿಗೆರೆ ಹತ್ತಿರದ ತೋಟವೊಂದರಲ್ಲಿ ನಾನು ರೈಟರ್, ಲೆಕ್ಕ ಬರೆಯೋನು. ಸಂಜೆ ಹಣ್ಣು ತೂಗಿಸಿ ಬರೆದುಕೊಳ್ಳುತ್ತಿದ್ದಾಗ ಮೊಬೈಲಿಗೆ ಪಿಡಿಎಫ್ ಬಂತು. ಹರ್ನಿಯಾ ಆಪರೇಷನ್ನಿಗೆ ಅಂತ ಕೊಟ್ಟಿದ್ದ ರಕ್ತದ ರಿಪೋರ್ಟು. ಸಕ್ಕರೆ ಸರಿ, ಹಿಮೋಗ್ಲೋಬಿನ್ ಸರಿ. ಕೆಳಗೆ, ಎಚ್‌ಐವಿ: ರಿಯಾಕ್ಟಿವ್, 1.86. ಪಕ್ಕದಲ್ಲಿ, ಕಟ್‌ಆಫ್ 1.00, ಅಂದ್ರೆ ರಿಯಾಕ್ಟಿವ್ ಅನ್ನೋಕೆ ದಾಟಬೇಕಾದ ಗೆರೆ.

ಫೋನಿಲ್ಲ, ಮಾತಿಲ್ಲ. ಈ ಪರೀಕ್ಷೆಯೂ ಇದೆ ಅಂತ ರಕ್ತ ತೆಗೆಯುವಾಗ ಲ್ಯಾಬಿನವರು ಹೇಳಿರಲೂ ಇಲ್ಲ. ಒಪ್ಪಿಗೆ ಕೇಳದೆ ಮಾಡಬಾರದು ಅಂತ 2017ರ ಕಾಯ್ದೆಯೇ ಇದೆಯಂತೆ, ನನಗೆ ಗೊತ್ತಾಗಿದ್ದು ಆಮೇಲೆ.

ಆವತ್ತು ಇಬ್ಬರು ಆಳುಗಳ ಹಣ್ಣಿನ ತೂಕ ತಪ್ಪು ಬರೆದೆ.

ನಿಜ ಹೇಳಿಬಿಡ್ತೀನಿ. ಮದುವೆಗೆ ಮುಂಚೆ, ಒಂಬತ್ತು ವರ್ಷದ ಹಿಂದೆ, ಮಂಗಳೂರಲ್ಲಿ ಒಂದು ರಾತ್ರಿ. ಮರೆತೇಹೋಗಿದೆ ಅಂದುಕೊಂಡಿದ್ದೆ. ಆ ರೂಮಿನ ಫ್ಯಾನು ಕಿರುಗುಟ್ಟುತ್ತಿದ್ದದ್ದೂ ನೆನಪಾಯಿತು.

ಮೂಡಿಗೆರೆಯಲ್ಲಿ ಗುರುತಿನವರು ಸಿಗ್ತಾರೆ ಅಂತ ಬೇಲೂರು ಮೇಲೆ ಹಾಸನಕ್ಕೆ ಹೋದೆ. ಜಿಲ್ಲಾಸ್ಪತ್ರೆಯಲ್ಲಿ ಐಸಿಟಿಸಿ, ಅಂದ್ರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರದ ಬೆಂಚಿನ ಮೇಲೆ ನಮ್ಮೂರಿನವರೇ ಒಬ್ಬರು! ಇಬ್ಬರೂ ಗೋಡೆ ನೋಡಿದೆವು.

ಒಳಗಿದ್ದ ಆಪ್ತಸಮಾಲೋಚಕಿ ರಿಪೋರ್ಟು ನೋಡಿ, "ಇದರಲ್ಲಿ ರಿಯಾಕ್ಟಿವ್ ಅಂತಿದೆ, ಪಾಸಿಟಿವ್ ಅಂತ ಎಲ್ಲಿದೆ?" ಅಂದರು. ಮೊದಲ ಪರೀಕ್ಷೆ ನಮ್ಮ ತೋಟದ ನಾಯಿ ಥರ. ಕಳ್ಳನನ್ನು ಬಿಡಬಾರದು ಅಂತ ಪೋಸ್ಟಿನವನಿಗೂ ಬೊಗಳುತ್ತೆ. ಬೇರೆ ಬೇರೆ ಮೂರು ಕಿಟ್ಟುಗಳಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಅಂತಾರೆ. ವಾಪಸ್ ಬರುವಾಗ ಬಸ್ಸಲ್ಲಿ ಕೂತು ಲೆಕ್ಕ ಹಾಕಿದೆ. ದೇಶದ ವಯಸ್ಕರಲ್ಲಿ ಎಚ್‌ಐವಿ ಇರೋರು ಸಾವಿರಕ್ಕೆ ಸುಮಾರು ಇಬ್ಬರು. ಸಾವಿರ ಜನರಲ್ಲಿ ಐವರಿಗೆ ಸುಮ್ಮನೆ ಬೊಗಳೋ ಪರೀಕ್ಷೆ ಅಂತಿಟ್ಟುಕೊಳ್ಳಿ. ಏಳು ಬೊಗಳಲ್ಲಿ ಐದು ಸುಳ್ಳು. 1.86 ಅಂದ್ರೆ ಗೆರೆಯನ್ನು ಈಗಷ್ಟೇ ದಾಟಿದ್ದು. ಹಾಗಂತ ಬರೀ ಆ ಅಂಕಿ ನೋಡಿ ತೀರ್ಮಾನ ಮಾಡೋಕಾಗಲ್ಲ. ಪಾಸಿಟಿವ್ ಆದರೂ ಮಾತ್ರೆ ಪುಕ್ಕಟೆ, ದಿನಾ ನುಂಗಿದರೆ ಎಲ್ಲರ ಹಾಗೇ ಬದುಕಬಹುದು ಅಂತಾನೂ ಅವರು ಹೇಳಿದ್ದರು. ಆವತ್ತು ಅದು ಕಿವಿಗೇ ಬೀಳಲಿಲ್ಲ.

ಹಳೇ ರಿಪೋರ್ಟಿದೆ ಅಂತ ಆವತ್ತೇ ನನ್ನ ರಕ್ತವನ್ನು ಬೇರೆ ಕಿಟ್ಟುಗಳಲ್ಲೂ ನೋಡಿದರು. ಎಲ್ಲದರಲ್ಲೂ ನಾನ್‌ರಿಯಾಕ್ಟಿವ್. ಅನುಮಾನ ಉಳಿಯೋದು ಬೇಡ, ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಬನ್ನಿ ಅಂದರು.

ನಾಲ್ಕು ವಾರ ಕಾಯೋದಾ? ಇನ್ನೆರಡು ಕಡೆ ಕೈ ಚುಚ್ಚಿಸಿಕೊಂಡೆ. ಎರಡೂ ನೆಗೆಟಿವ್. ಆದರೂ ರಾತ್ರಿ ಎರಡು ಗಂಟೆಗೆ ಮೊಬೈಲು, ಗಂಟು ಇದೆಯಾ ಅಂತ ಕತ್ತು ಒತ್ತೋದು. ಒತ್ತಿ ಒತ್ತಿ ನೋವು ಬಂತು. ನೋವು ಬಂತಲ್ಲ ಅಂತ ಹೊಸ ಭಯ. ಹಾಸನದ ಎರಡನೇ ಪರೀಕ್ಷೆಯೂ ನೆಗೆಟಿವ್ ಬಂತು. ಹತ್ತು ದಿನಕ್ಕೆ ಮತ್ತೆ ಹೋಗಿ ನಿಂತೆ.

ಆ ಸಮಾಲೋಚಕಿ ಈ ಸಲ ಸೂಜಿ ಮುಟ್ಟಲಿಲ್ಲ. "ಸೋಂಕು ತಗುಲಿದ್ರೂ ಪರೀಕ್ಷೆಗೆ ಸಿಗದ ಕಾಲ, ವಿಂಡೋ ಪೀರಿಯಡ್, ಹೆಚ್ಚಂದ್ರೆ ಮೂರು ತಿಂಗಳು. ನಿಮ್ಮದು ಒಂಬತ್ತು ವರ್ಷ. ರಕ್ತದಲ್ಲಿ ಏನೂ ಇಲ್ಲ. ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಅಲ್ಲೇ ಅತ್ತುಬಿಟ್ಟೆ. ಮನೋವೈದ್ಯರ ಹತ್ತಿರ ಕಳಿಸಿದರು. ಮೂರು ಸಲ ಹೋದೆ. ಕತ್ತು ಮುಟ್ಟಬೇಕು ಅನ್ನಿಸಿದಾಗ ಹದಿನೈದು ನಿಮಿಷ ಮುಂದೂಡು ಅಂದರು. ಮೊದಮೊದಲು ಗಡಿಯಾರ ನೋಡಿಕೊಂಡೇ ಕೂತಿರುತ್ತಿದ್ದೆ. ಹೆಂಡತಿಗೂ ಹೇಳಿದೆ, ಮಂಗಳೂರು ಸೇರಿಸಿ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಹರ್ನಿಯಾ ಯಾವಾಗ ಮಾಡಿಸ್ಕೊಳ್ತೀರಿ?"

ಕಾಫಿ ಹೂ ಅರಳಿಸೋ ಹೂಮಳೆಗೆ ಮುಂಚೆ ಆಪರೇಷನ್ ಆಯ್ತು. ಆಮೇಲೆ ತೂಕದ ಪುಸ್ತಕ ತೆಗೆದು, ಆ ಇಬ್ಬರಿಗೆ ಬಾಕಿ ಕೊಟ್ಟೆ. "ಆವತ್ತೇ ಗೊತ್ತಾಯ್ತು ಸಾ," ಅಂದಳು ಒಬ್ಬಳು, "ನಿಮ್ಮ ಮುಖ ನೋಡಿ ಸುಮ್ನಾದೆ."