‘ಕೆಕ್ಕನ್’ ಎಂದು ಬರೆದುಬಿಟ್ಟ ದಿನ

ಬೆಂಗಳೂರಿನ ಹೊರವಲಯದಲ್ಲಿರುವ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಜಪಾನಿ ಭಾಷೆಯ ಅನುವಾದಕಿ. ಸೇರಿದ ಮೂರನೆಯ ತಿಂಗಳಲ್ಲಿ, ಗುಣಮಟ್ಟ ವಿಭಾಗದವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ವರದಿಯೊಂದನ್ನು ಜಪಾನಿನ ಗ್ರಾಹಕ ಕಂಪನಿಗೆ ಅನುವಾದಿಸಿ ಕಳುಹಿಸಿದೆ. ಪ್ಲಾಸ್ಟಿಕ್ ಮುಚ್ಚಳವೊಂದರ ಅಂಚಿನಲ್ಲಿ, ಅಚ್ಚಿನಿಂದ ಹೊರಚೆಲ್ಲಿದ ಪ್ಲಾಸ್ಟಿಕ್ ಉಗುರಿನ ತುದಿಯಷ್ಟು ಉಳಿದುಕೊಂಡಿತ್ತು. ನಮ್ಮವರು ಅದನ್ನು ‘ಬರ್’ ಎನ್ನುತ್ತಾರೆ, ಜಪಾನಿನವರು ‘ಬರಿ’ ಎನ್ನುತ್ತಾರೆ; ಅಲ್ಲಿ ತೊಡಕಿರಲಿಲ್ಲ. ತೊಡಕಾದದ್ದು ಶೀರ್ಷಿಕೆಯಲ್ಲಿದ್ದ ‘ಡಿಫೆಕ್ಟ್’ ಪದದಿಂದ. ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬಿದ್ದ ‘ಕೆಕ್ಕನ್’ ಅನ್ನೇ ಬರೆದುಬಿಟ್ಟೆ. ಅರ್ಧ ಗಂಟೆಯೊಳಗೆ ಆ ಕಡೆಯಿಂದ ಫೋನು ಬಂತು. ಅವರು ಮೊದಲು ಕೇಳಿದ್ದು, ಯಾರಿಗಾದರೂ ಗಾಯವಾಗಿದೆಯೇ ಎಂದು.

1995ರ ಜುಲೈಯಲ್ಲಿ ಜಾರಿಗೆ ಬಂದ ಜಪಾನಿನ ಉತ್ಪನ್ನ ಹೊಣೆಗಾರಿಕೆ ಕಾಯ್ದೆಯು, ವಸ್ತುವೊಂದರಲ್ಲಿ ಸಾಮಾನ್ಯವಾಗಿ ಇರಲೇಬೇಕಾದ ಸುರಕ್ಷತೆ ಇಲ್ಲದಿರುವುದನ್ನೇ ಕೆಕ್ಕನ್ ಎಂದು ವ್ಯಾಖ್ಯಾನಿಸುತ್ತದೆ. ಅದರಿಂದ ಪ್ರಾಣಕ್ಕೆ, ದೇಹಕ್ಕೆ ಅಥವಾ ಆಸ್ತಿಗೆ ಹಾನಿಯಾದರೆ ತಯಾರಕರು ಪರಿಹಾರ ಕೊಡಬೇಕಾಗುತ್ತದೆ. ತಯಾರಕರೇ ತಮ್ಮ ಕಾಗದದಲ್ಲಿ ಆ ಪದವನ್ನು ಬರೆದುಕೊಟ್ಟರೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ. ನಮ್ಮ ಮುಚ್ಚಳಕ್ಕೆ ಸಲ್ಲುತ್ತಿದ್ದ ಪದ ‘ಫುರ್ಯೋ’, ಅಂದರೆ ನಕ್ಷೆಯಲ್ಲಿ ಹೇಳಿದ ಅಳತೆಗೆ ಹೊಂದದೆ ತಪಾಸಣೆಯಲ್ಲಿ ಪಕ್ಕಕ್ಕಿಟ್ಟ ಮಾಲು. ಅಷ್ಟನ್ನು ಸ್ಪಷ್ಟಪಡಿಸಲು ನಮ್ಮ ಮ್ಯಾನೇಜರು ಆ ಸಂಜೆ ಮೂರು ಪುಟಗಳ ಪತ್ರ ಬರೆಯಬೇಕಾಯಿತು, ಅದನ್ನು ಅನುವಾದಿಸಿದವಳೂ ನಾನೇ.

ಇವತ್ತಿಗೂ ನನ್ನನ್ನು ಹೆಚ್ಚು ಕಾಡುವ ಪದ ‘ಫುಗುಆಯಿ’. ‘ಗುಆಯಿ’ ಎಂದರೆ ಸ್ಥಿತಿ. ಮೈಗೆ ಹುಷಾರಿಲ್ಲ ಎನ್ನುವಾಗಲೂ ಅಲ್ಲಿನವರು ಅದೇ ಪದವನ್ನು ಬಳಸುತ್ತಾರೆ. ಅದರ ಮುಂದೆ ನಿಷೇಧದ ‘ಫು’ ಸೇರಿದಾಗ, ಎಲ್ಲೋ ಏನೋ ಸರಿಯಿಲ್ಲ ಎಂಬಷ್ಟೇ ಅರ್ಥ ಬರುತ್ತದೆ. ತಪ್ಪು ಮಾಲಿನದೋ, ಜೋಡಿಸಿದವರದೋ, ಬಳಸಿದವರದೋ ಎಂದು ಇನ್ನೂ ತಿಳಿಯದಿರುವಾಗ ಇದಕ್ಕಿಂತ ಪ್ರಾಮಾಣಿಕವಾದ ಪದವಿಲ್ಲ. ಆದರೆ ಕಾರಣ ಗೊತ್ತಾದ ಮೇಲೂ ಕೆಲವರು ಇದರ ಮರೆಯಲ್ಲಿ ನಿಂತುಕೊಳ್ಳುತ್ತಾರೆ. ಅಂಥ ವರದಿಗಳನ್ನು ಇಂಗ್ಲಿಷಿಗೆ ತರುವಾಗ ನನಗೆ ಸಿಟ್ಟು ಬರುತ್ತದೆಯಾದರೂ, ಮೂಲದಲ್ಲಿ ಮೆತ್ತಗಿದ್ದುದನ್ನು ಗಟ್ಟಿ ಮಾಡುವ ಅಧಿಕಾರ ಅನುವಾದಕಿಗಿಲ್ಲ.

‘ಕೊಶೋ’ ಎಂಬುದು ನಡೆಯುತ್ತಿದ್ದ ಯಂತ್ರ ಕೆಟ್ಟು ನಿಂತಾಗ ಹೇಳುವ ಮಾತು, ಮುಚ್ಚಳಕ್ಕೆ ಅದು ಸಲ್ಲದು. ಯಂತ್ರದ ಕೆಂಪು ದೀಪ ಹತ್ತಿದ ಮಾತ್ರಕ್ಕೂ ಅದನ್ನು ಬಳಸುವಂತಿಲ್ಲ. ಬಿಚ್ಚಿ ನೋಡುವವರೆಗೆ ಅದು ‘ಇಜೋ’, ಎಂದಿನಂತಿಲ್ಲದ ಸ್ಥಿತಿ. ಒಮ್ಮೆ ಸೆನ್ಸರ್ ಮೇಲೆ ಎಣ್ಣೆ ಕೂತಿದ್ದಕ್ಕೆ ನಾನು ಕೊಶೋ ಎಂದು ಬರೆದಿದ್ದೆ. ಬಟ್ಟೆಯಲ್ಲಿ ಒರೆಸಿದೊಡನೆ ಯಂತ್ರ ನಡೆಯಿತು, ಆದರೆ ಅಷ್ಟರಲ್ಲಿ ಹೊಸ ಸೆನ್ಸರಿನ ಕೊಟೇಶನ್ ಬಂದು ಕೂತಿತ್ತು.

ಈಗ ವರದಿಯಲ್ಲಿ ‘ಡಿಫೆಕ್ಟ್’ ಕಂಡರೆ ನಿಘಂಟು ತೆರೆಯುವ ಮೊದಲು ತಪಾಸಣೆಯ ಮೇಜಿಗೆ ಹೋಗಿ ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಅಳತೆ ತಪ್ಪಿದೆಯೋ, ಕೆಲಸ ಮಾಡುತ್ತಿಲ್ಲವೋ, ಕಾರಣ ಗೊತ್ತಾಗಿದೆಯೋ ಎಂದು ಅಲ್ಲಿನವರನ್ನು ಕೇಳಿ, ಅವರ ಉತ್ತರವನ್ನು ಪೆನ್ಸಿಲಿನಲ್ಲಿ ವರದಿಯ ಅಂಚಿನಲ್ಲಿ ಬರೆದುಕೊಂಡು ಬರುತ್ತೇನೆ.